ಮೇ ತಿಂಗಳಲ್ಲಿ ಸೇಬು ಯಾಕೆ?

ಮೇ ತಿಂಗಳಲ್ಲಿ ಬೆಂಗಳೂರಿನ ಅಂಗಡಿಯಲ್ಲಿ ಕಾಶ್ಮೀರದ ಸೇಬು ಕಂಡರೆ ಒಂದು ಕ್ಷಣ ಯೋಚಿಸಿ. ಅದನ್ನು ಕಿತ್ತದ್ದು ಹಿಂದಿನ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ. ಆಮೇಲೆ ತಿಂಗಳುಗಟ್ಟಲೆ ಶೀತಲಗೃಹದ ಕರೆಂಟು, ಸುಮಾರು 3,000 ಕಿ.ಮೀ. ಲಾರಿಯ ಡೀಸೆಲ್! ಅದೇ ಹೊತ್ತಿಗೆ ಪಕ್ಕದ ಹಾಪ್‌ಕಾಮ್ಸ್ ಮಳಿಗೆಯಲ್ಲಿ ರಾಮನಗರದ ಮಾವು ಘಮಘಮಿಸುತ್ತಿರುತ್ತದೆ. ಅದನ್ನೇ ಕೊಳ್ಳಿ.

ದೂರವೊಂದೇ ಲೆಕ್ಕವಲ್ಲ, ಬೆಳೆಯುವ ರೀತಿಯೂ ಮುಖ್ಯ. ನೀರು ನಿಂತ ಭತ್ತದ ಗದ್ದೆಯಿಂದ ಭೂಮಿಯನ್ನು ಬಿಸಿಯಾಗಿಸುವ ಮೀಥೇನ್ ಅನಿಲ ಏಳುತ್ತದೆ. ತುಮಕೂರು, ಕೋಲಾರದ ಕಡೆ ಮಳೆ ನಂಬಿ ಬೆಳೆಯುವ ರಾಗಿ ಹೊಲದಲ್ಲಿ ನೀರು ನಿಲ್ಲಿಸುವ ಮಾತೇ ಇಲ್ಲ. ಊಟದ ತಟ್ಟೆಯಲ್ಲಿ ಮುದ್ದೆಗೆ ಇನ್ನಷ್ಟು ಜಾಗ ಕೊಡಿ. ಸೊಪ್ಪನ್ನಂತೂ ಬೆಳಗ್ಗೆಯೇ ಕೊಳ್ಳಿ, ಯಾವ ಊರಿನದು ಎಂದು ಮಾರುವವರನ್ನೇ ಕೇಳಿ. ಕೈಯಲ್ಲಿ ಬಟ್ಟೆಚೀಲ ಇರಲಿ.