ಟ್ರ್ಯಾಕ್ಟರಿನಲ್ಲಿ ಸುಟ್ಟ ವಾಸನೆ: ಪತ್ತೆ ಮತ್ತು ಪರಿಹಾರ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಟ್ರ್ಯಾಕ್ಟರಿಗೆ ಬಿಡುವು ಕಡಿಮೆ. ಮುಂಗಾರಿಗೆ ಕೆಂಪು ಭೂಮಿಯ ಉಳುಮೆ, ನಾಲೆ ಬಯಲಿನಲ್ಲಿ ಗದ್ದೆಯ ಕೆಸರು ಉಳುಮೆ, ಹೊಗೆಸೊಪ್ಪಿನ ಬ್ಯಾರನ್‌ಗಳಿಗೆ ಸೌದೆ ಸಾಗಣೆ, ಅನಂತರ ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ ಮುಂತಾದ ಹರಾಜು ಮಾರುಕಟ್ಟೆಗಳಿಗೆ ಬೇಲುಗಳ ಸಾಗಣೆ, ಕೊನೆಗೆ ಹುಲ್ಲಿನ ಹೇರು. ಹೀಗೆ ದುಡಿದ ಯಂತ್ರವನ್ನು ನಿಲ್ಲಿಸಿದಾಗ ಕೆಲವೊಮ್ಮೆ ಸುಟ್ಟ ವಾಸನೆ ಬರುತ್ತದೆ. 'ಬಿಸಿಯಾಗಿದೆ, ಆರಿದರೆ ಸರಿಹೋಗುತ್ತದೆ' ಎಂದು ಇದನ್ನು ಅಲಕ್ಷಿಸಬಾರದು. ಯಾವುದೋ ಭಾಗ ಸವೆಯುತ್ತಿದೆ ಅಥವಾ ಸುಡುತ್ತಿದೆ ಎಂಬುದಕ್ಕೆ ಇದು ಮೊದಲ ಸೂಚನೆ. ಕ್ಲಚ್ ಪ್ಲೇಟ್ ಪೂರ್ತಿ ಸುಟ್ಟರೆ ಟ್ರ್ಯಾಕ್ಟರನ್ನು ನಡುವೆ ಬಿಚ್ಚಿ ಎರಡು ಭಾಗ ಮಾಡಬೇಕಾಗುತ್ತದೆ. ಹದ ಬಂದ ದಿನಗಳಲ್ಲಿ ಹೀಗಾದರೆ ರಿಪೇರಿಯ ಖರ್ಚಿಗಿಂತ ಬಿತ್ತನೆ ತಪ್ಪಿದ ನಷ್ಟವೇ ಹೆಚ್ಚು.

ಚಲಿಸುವಾಗ ಗಾಳಿ ವಾಸನೆಯನ್ನು ಹಿಂದಕ್ಕೆ ಒಯ್ಯುವುದರಿಂದ ಅದು ನಿಲ್ಲಿಸಿದ ಮೇಲೆಯೇ ಚೆನ್ನಾಗಿ ತಿಳಿಯುತ್ತದೆ. ಆದ್ದರಿಂದ ಕೆಲಸ ಮುಗಿದೊಡನೆ ಇಳಿದು ಹೋಗದೆ, ಎಂಜಿನ್ ನಿಲ್ಲಿಸಿ ಸುತ್ತ ಒಮ್ಮೆ ನೋಡಬೇಕು. ವಾಸನೆ ಎಂಥದು, ಯಾವ ಕಡೆಯಿಂದ ಬರುತ್ತಿದೆ ಎಂಬ ಎರಡು ಅಂಶಗಳಿಂದ ದೋಷವನ್ನು ಬಹುಮಟ್ಟಿಗೆ ಗುರುತಿಸಬಹುದು.

1. ಘಾಟಾದ, ಕಾಗದ ಸುಟ್ಟಂಥ ವಾಸನೆ

ಇದು ಎಂಜಿನ್ನಿನ ಹಿಂಭಾಗದಿಂದ ಬಂದರೆ ಕ್ಲಚ್ ಜಾರುತ್ತಿದೆ ಎಂದು ತಿಳಿಯಬೇಕು. ಎಂಜಿನ್ನಿನ ವೇಗ ಏರಿದರೂ ಟ್ರ್ಯಾಕ್ಟರ್ ಎಳೆಯುವುದಿಲ್ಲ. ಕಾಲನ್ನು ಸದಾ ಕ್ಲಚ್ ಪೆಡಲಿನ ಮೇಲಿಡುವುದು, ಹೇರು ತುಂಬಿದ ಟ್ರೇಲರನ್ನು ಏರಿನಲ್ಲಿ ಅರೆ ಕ್ಲಚ್ಚಿನಲ್ಲಿ ಹಿಡಿದು ನಿಲ್ಲಿಸುವುದು, ಮೇಲಿನ ಗೇರಿನಲ್ಲಿ ಹೊರಡಿಸುವುದು ಮುಖ್ಯ ಕಾರಣಗಳು.

ಪರಿಹಾರ: ಯಂತ್ರ ಪೂರ್ತಿ ಆರುವವರೆಗೆ ಬಿಡಬೇಕು. ಪೆಡಲನ್ನು ಕೈಯಿಂದ ಒತ್ತಿ, ಬಿಗಿ ಸಿಗುವ ಮುನ್ನ ಎಷ್ಟು ಸಡಿಲವಿದೆ ಎಂದು ಅಳೆಯಬೇಕು. ಸಡಿಲವೇ ಇಲ್ಲದಿದ್ದರೆ ಪ್ಲೇಟ್ ಪೂರ್ತಿ ಹಿಡಿಯುವುದಿಲ್ಲ. ಕಂಪನಿಯ ಕೈಪಿಡಿಯಲ್ಲಿರುವ ಅಳತೆಗೆ ಸರಿಪಡಿಸಬೇಕು. ಆ ಮೇಲೂ ಜಾರಿದರೆ ಪ್ಲೇಟ್ ಸವೆದಿರುತ್ತದೆ ಅಥವಾ ಅದಕ್ಕೆ ಎಣ್ಣೆ ತಗುಲಿರುತ್ತದೆ, ಮೆಕ್ಯಾನಿಕ್ಕಿನಿಂದ ಬಿಚ್ಚಿಸಬೇಕು. ಮಣ್ಣಿನ ಹದ ನೋಡಿ ಉಳುವುದೂ ಕ್ಲಚ್ಚಿನ ರಕ್ಷಣೆಯೇ. ಒಣಗಿ ಗಟ್ಟಿಯಾದ ನೆಲದಲ್ಲಿ ನೇಗಿಲನ್ನು ಆಳಕ್ಕೆ ಬಿಟ್ಟರೆ ಎಳೆತದ ಭಾರವೆಲ್ಲ ಅದರ ಮೇಲೆ ಬೀಳುತ್ತದೆ.

2. ಚಕ್ರದ ಬಳಿ ಘಾಟು

ಇದು ಬ್ರೇಕ್ ಹಿಡಿದುಕೊಂಡಿರುವ ಲಕ್ಷಣ. ಮೊದಲು ಹ್ಯಾಂಡ್ ಬ್ರೇಕ್ ಬಿಟ್ಟಿದೆಯೇ ನೋಡಬೇಕು. ಅನಂತರ ಕೈಯ ಹಿಂಬದಿಯನ್ನು ಎರಡೂ ಬದಿಯ ಬ್ರೇಕಿನ ಹತ್ತಿರ, ಮುಟ್ಟದೆ, ಹಿಡಿಯಬೇಕು. ಒಂದು ಬದಿಯ ಕಾವು ಹೆಚ್ಚಾಗಿದ್ದರೆ ಆ ಬದಿಯ ಬ್ರೇಕನ್ನು ಸರಿಪಡಿಸಬೇಕು. ಕಾದ ಡ್ರಮ್ಮಿಗೆ ನೀರು ಸುರಿದರೆ ಅದು ಸೀಳಬಹುದು. ಅತಿಯಾಗಿ ಕಾದ ಬ್ರೇಕ್ ಇಳಿಜಾರಿನಲ್ಲಿ ಹಿಡಿಯದೆ ಹೋಗಬಹುದು. ಆದ್ದರಿಂದ ಆರದೆ ಹೊರಡಬಾರದು. ರಸ್ತೆಯಲ್ಲಿ ಹೋಗುವಾಗ ಎರಡು ಬ್ರೇಕ್ ಪೆಡಲುಗಳನ್ನೂ ಜೋಡಿಸಿರಲೇಬೇಕು.

3. ರಬ್ಬರ್ ಸುಟ್ಟ ವಾಸನೆ

ಸಡಿಲವಾದ ಫ್ಯಾನ್ ಬೆಲ್ಟ್ ಜಾರುವುದರಿಂದ ಬರುತ್ತದೆ. ಜೊತೆಗೆ ಕಿರುಗುಟ್ಟುವ ಶಬ್ದವೂ ಇರಬಹುದು. ಎಂಜಿನ್ ನಿಲ್ಲಿಸಿ ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿ ನೋಡಿ ಬಿಗಿ ಮಾಡಬೇಕು. ಬಿರುಕು ಬಿಟ್ಟಿದ್ದರೆ ಬದಲಿಸಬೇಕು. ಬೆಲ್ಟ್ ಕಡಿದರೆ ಎಂಜಿನ್ ಕಾಯುತ್ತದೆ.

4. ಎಣ್ಣೆ ಸುಟ್ಟ ವಾಸನೆ, ನೀಲಿ ಹೊಗೆ

ಸೋರಿದ ಎಣ್ಣೆ ಸೈಲೆನ್ಸರ್ ಕೊಳವೆಯ ಬುಡಕ್ಕೆ ಬೀಳುತ್ತಿರಬಹುದು. ಆರಿದ ಮೇಲೆ ಒರೆಸಿ, ಮತ್ತೆ ಚಾಲೂ ಮಾಡಿ ಸೋರುವ ಜಾಗ ಹುಡುಕಬೇಕು. ಎಣ್ಣೆಯ ಮಟ್ಟವನ್ನೂ ನೋಡಬೇಕು.

5. ಪ್ಲಾಸ್ಟಿಕ್ ಸುಟ್ಟ ವಾಸನೆ

ಇದೇ ಹೆಚ್ಚು ಅಪಾಯದ್ದು. ವೈರಿನ ಹೊದಿಕೆ ಸವೆದು ಅಥವಾ ಇಲಿ ಕಡಿದು ಶಾರ್ಟ್ ಆಗಿರುತ್ತದೆ. ಕೂಡಲೇ ಎಂಜಿನ್ ನಿಲ್ಲಿಸಿ, ಬ್ಯಾಟರಿಯ ಅರ್ಥ್ ತಂತಿಯನ್ನು ಕಳಚಬೇಕು. ವೈರ್ ಸರಿಪಡಿಸದೆ ಹೊಸ ಫ್ಯೂಸ್ ಹಾಕುವುದಾಗಲಿ, ಫ್ಯೂಸಿನ ಬದಲು ದಪ್ಪ ತಂತಿ ಸುತ್ತುವುದಾಗಲಿ ಸಲ್ಲದು.

6. ಹುಲ್ಲು ಸುಟ್ಟ ವಾಸನೆ

ಒಕ್ಕಣೆ ಮತ್ತು ಹುಲ್ಲು ಸಾಗಣೆಯ ಕಾಲದಲ್ಲಿ ಹೊಟ್ಟು, ಒಣಸೊಪ್ಪು ಸೈಲೆನ್ಸರಿನ ಮೇಲೂ ರೇಡಿಯೇಟರ್ ಜಾಲರಿಯಲ್ಲೂ ಸೇರುತ್ತವೆ. ದಿನವೂ ಸಂಜೆ ಯಂತ್ರ ಆರಿದ ಮೇಲೆ ತೆಗೆಯಬೇಕು. ಕಾದ ಟ್ರ್ಯಾಕ್ಟರನ್ನು ಹುಲ್ಲಿನ ಮೆದೆಯ ಬಳಿ, ಬ್ಯಾರನ್ನಿನ ಪಕ್ಕ ಅಥವಾ ಬೇಲುಗಳಿಟ್ಟ ಕೊಟ್ಟಿಗೆಯಲ್ಲಿ ನಿಲ್ಲಿಸಬಾರದು. ಒಂದು ಕಿಡಿಗೆ ವರ್ಷದ ಬೆಳೆಯೇ ಹೋಗಬಹುದು.

ಹೊಗೆ ಅಥವಾ ಬೆಂಕಿ ಕಂಡರೆ

ಎಂಜಿನ್ ನಿಲ್ಲಿಸಿ ಜನರನ್ನು ದೂರ ಕಳುಹಿಸಬೇಕು. ಡೀಸೆಲ್ ಅಥವಾ ವೈರಿನ ಬೆಂಕಿಗೆ ನೀರು ಹಾಕದೆ, ಒಣ ಮರಳು, ಮಣ್ಣು ಅಥವಾ ಒಣ ಪುಡಿಯ ಅಗ್ನಿಶಾಮಕವನ್ನು ಬಳಸಬೇಕು. ಹತೋಟಿಗೆ ಬಾರದಿದ್ದರೆ ಯಂತ್ರವನ್ನು ಬಿಟ್ಟು ದೂರ ಸರಿದು 112ಕ್ಕೆ ಕರೆ ಮಾಡಬೇಕು. ಕಾದ ರೇಡಿಯೇಟರಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು.

ಹೊಸ ಟ್ರ್ಯಾಕ್ಟರಿನಲ್ಲಿ ಮೊದಲ ಕೆಲವು ಗಂಟೆ ಬಣ್ಣ ಕಾದ ವಾಸನೆ ಬರುವುದುಂಟು. ಅದು ದಿನೇ ದಿನೇ ಕಡಿಮೆಯಾಗಬೇಕು. ಹೆಚ್ಚಾದರೆ ದೋಷವಿದೆ ಎಂದೇ ಅರ್ಥ. ಜೀಪು, ಕಾರು, ಸರಕು ವಾಹನಗಳಿಗೂ ಈ ಸೂಚನೆಗಳು ಬಹುಮಟ್ಟಿಗೆ ಅನ್ವಯಿಸುತ್ತವೆ. ಟ್ರ್ಯಾಕ್ಟರನ್ನು ಚಾಲಕರ ಕೈಗೆ ಕೊಡುವ ರೈತರು, ವಾಸನೆ ಬಂದ ದಿನವೇ ತಿಳಿಸುವಂತೆ ಅವರಿಗೆ ಹೇಳಿಡಬೇಕು. ಬೈಗುಳದ ಭಯದಿಂದ ಮುಚ್ಚಿಟ್ಟ ಸಣ್ಣ ದೋಷವೇ ಮುಂದೆ ದೊಡ್ಡ ರಿಪೇರಿಯಾಗುತ್ತದೆ.