ಮೌಸ್ ಅವರ ಕೈಯಲ್ಲೇ ಇರಲಿ

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಗ್ರಂಥಾಲಯ ಮೇಲ್ವಿಚಾರಕಿ. ವಯಸ್ಸು 31. ನಮ್ಮಲ್ಲಿ ಎರಡು ಕಂಪ್ಯೂಟರ್ ಇವೆ. ಸಂಜೆ ಶಾಲೆ ಮಕ್ಕಳು ಬಂದು ಕೂರುತ್ತಾರೆ, ಮಧ್ಯಾಹ್ನ ಎರಡೂ ಖಾಲಿ. ಸ್ತ್ರೀಶಕ್ತಿ ಸಂಘದವರಿಗೆ ಕಲಿಸೋಣ ಎಂದು ನಾನೇ ಮುಂದೆ ಬಿದ್ದು ಎಂಟು ಜನರನ್ನು ಸೇರಿಸಿದೆ. ಪುಸ್ತಕದಲ್ಲಿ ಇರುವಂತೆ ಕಂಪ್ಯೂಟರ್ ಇತಿಹಾಸ, ತಲೆಮಾರುಗಳು, ಇನ್‌ಪುಟ್ ಔಟ್‌ಪುಟ್ ಸಾಧನಗಳು ಎಂದು ಶುರು ಮಾಡಿ, ನೋಟ್ಸ್ ಬರೆಸಿ, ಆಮೇಲೆ ವರ್ಡ್‌ಗೆ ಬಂದೆ. ಒಬ್ಬೊಬ್ಬರೇ ಬಿಟ್ಟು ಈಗ ಪಿಯುಸಿ ಮುಗಿಸಿದ ಇಬ್ಬರು ಹುಡುಗಿಯರು ಮಾತ್ರ ಉಳಿದಿದ್ದಾರೆ.

ನನ್ನನ್ನು ಕೊರೆಯುತ್ತಿರುವುದು ಬೇರೆ. ಸಂಘದ ಅಧ್ಯಕ್ಷೆ ನನಗೆ ವರಸೆಯಲ್ಲಿ ದೊಡ್ಡಮ್ಮ ಆಗಬೇಕು. 54 ವರ್ಷ. ಯಾರ ಉಳಿತಾಯ ಎಷ್ಟು, ಯಾರ ಸಾಲದ ಬಡ್ಡಿ ಎಷ್ಟು ಬಾಕಿ, ಎಲ್ಲ ಬಾಯಲ್ಲೇ ಹೇಳುತ್ತಾರೆ. ಮೌಸ್ ಹಿಡಿದರೆ ಅವರ ಕೈ ನಡುಗುತ್ತಿತ್ತು. ಒಂದು ದಿನ ಫೈಲ್ ತೆಗೆಯಲು ಹೋದಾಗ ಅದು ಸ್ಕ್ರೀನಿನ ಆ ಮೂಲೆಗೆ ಜರುಗಿಹೋಯಿತು. ಕಿಟಕಿಯಲ್ಲಿದ್ದ ಹುಡುಗರು ನಕ್ಕರು. ಹೊತ್ತಾಗುತ್ತದೆಂದು ನಾನೇ ಅವರ ಕೈಯಿಂದ ಮೌಸ್ ತೆಗೆದುಕೊಂಡು ಮಾಡಿ ತೋರಿಸಿದೆ. ‘ನಮ್ಗೆಲ್ಲ ಇದು ಹತ್ತಲ್ಲ ಬಿಡವ್ವ’ ಎಂದು ಎದ್ದು ಹೋದವರು ಮತ್ತೆ ಬರಲಿಲ್ಲ. ದಾರಿಯಲ್ಲಿ ಸಿಕ್ಕರೂ ಮಾತು ಅಷ್ಟಕ್ಕಷ್ಟೆ. ನನಗೆ ಕಲಿಸುವುದಕ್ಕೆ ಬರುವುದಿಲ್ಲವೇ? ನಿಲ್ಲಿಸಿಬಿಡಲೇ? ಉಳಿದಿರುವ ಹುಡುಗಿಯರು ಯಾವ ಸರ್ಟಿಫಿಕೇಟ್ ಮಾಡಿದರೆ ಕೆಲಸ ಸಿಗುತ್ತದೆ ಎಂದು ದಿನಾ ಕೇಳುತ್ತಾರೆ, ಅದಕ್ಕೂ ನನ್ನ ಬಳಿ ಉತ್ತರವಿಲ್ಲ.
– ಹೆಸರು ಬೇಡ

ಉತ್ತರ: ನಿಲ್ಲಿಸಬೇಡಿ. ಮೊದಲು ದೊಡ್ಡಮ್ಮನ ವಿಷಯ ಮಾತಾಡೋಣ, ಅದು ಸರಿಹೋದರೆ ಕ್ಲಾಸಿನ ಅರ್ಧ ತೊಡಕು ಬಿಡುತ್ತದೆ.

ಊರಲ್ಲಿ ಹತ್ತು ಜನ ಅವರ ಮಾತಿಗೆ ತಲೆದೂಗುತ್ತಾರೆ. ಬ್ಯಾಂಕ್ ಮ್ಯಾನೇಜರ್ ಎದುರು ಕುರ್ಚಿ ಎಳೆದುಕೊಂಡು ಕೂತು ಸಂಘದ ಸಾಲ ಕೇಳಿ ಬಂದ ಹೆಂಗಸು. ಅಂಥವರು ನಿಮ್ಮ ಕೋಣೆಗೆ ಬಂದು, ತಮ್ಮ ಮೊಮ್ಮಕ್ಕಳ ವಾರಿಗೆಯ ಹುಡುಗರ ಎದುರು, ಏನೂ ಬಾರದವರಾಗಿ ಕೂತರು. ಹುಡುಗರ ನಗುವನ್ನು ಅವರು ನುಂಗಿಕೊಳ್ಳುತ್ತಿದ್ದರೋ ಏನೋ. ಮಗಳ ಸಮಾನಳಾದ ನೀವು ಕೈಯಿಂದ ಮೌಸ್ ತೆಗೆದುಕೊಂಡಿರಲ್ಲ, ಅದು ನಾಟಿದೆ. ನಿಮ್ಮ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಕಂಪ್ಯೂಟರ್ ಕಲಿಸುವ ಬಹುಪಾಲು ಜನ ಮಾಡುವುದೂ ಅದನ್ನೇ. ಆದರೂ ಬೇಡ. ಪಾಠ ನಡೆಯುವಾಗ ನಿಮ್ಮ ಎರಡೂ ಕೈ ಬೆನ್ನ ಹಿಂದೆ ಇರಲಿ. ‘ಇನ್ನೂ ಸ್ವಲ್ಪ ಮೇಲೆ, ಹಾಂ, ಅಲ್ಲೇ, ಈಗ ಒತ್ತಿ’ ಎಂದು ಬಾಯಲ್ಲಿ ದಾರಿ ಹೇಳಿ. ಒಂದು ಫೈಲ್ ತೆರೆಯಲು ಐದು ನಿಮಿಷ ಹಿಡಿದರೆ ಹಿಡಿಯಲಿ.

ಅವರ ಮನೆಗೆ ಹೋಗಿ. ‘ಅವತ್ತು ನಾನು ಹಾಗೆ ಮಾಡಬಾರದಿತ್ತು ದೊಡ್ಡಮ್ಮ’ ಎಂಬ ಒಂದು ಮಾತು ಸಾಕು, ಅದನ್ನು ಎಳೆಯಬೇಡಿ, ಎಳೆದಷ್ಟೂ ಅವರಿಗೆ ಮುಜುಗರ. ‘ಮತ್ತೆ ಕಲಿಯೋಕೆ ಬನ್ನಿ’ ಎಂದೂ ಕರೆಯಬೇಡಿ. ಸಂಘದ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಬೇಕೆಂದಿದ್ದೇನೆ, ಆ ಪುಸ್ತಕ ನನಗೆ ಅರ್ಥವಾಗುವುದಿಲ್ಲ, ನೀವು ಪಕ್ಕದಲ್ಲಿ ಕೂತು ಹೇಳಬೇಕು ಎಂದು ಕೇಳಿ. ಇದು ಬೆಣ್ಣೆ ಹಚ್ಚುವ ಮಾತಲ್ಲ. ಕಂತಿನಲ್ಲಿ ಅಸಲೆಷ್ಟು ಬಡ್ಡಿಯೆಷ್ಟು, ಯಾರು ಎರಡು ವಾರದ್ದು ಒಟ್ಟಿಗೆ ಕಟ್ಟಿದ್ದಾರೆ, ಯಾವ ಸಹಿ ಯಾರದ್ದು, ಇವೆಲ್ಲ ನಿಮಗೆ ನಿಜಕ್ಕೂ ತಿಳಿಯುವುದಿಲ್ಲ. ಒಂದು ಎಚ್ಚರಿಕೆ: ಆ ಕಂಪ್ಯೂಟರಿನಲ್ಲಿ ಸಂಜೆ ಮಕ್ಕಳು ಕೂರುತ್ತಾರೆ. ಯಾರ ಸಾಲ ಎಷ್ಟು ಎಂಬುದು ಊರಿಗೆಲ್ಲ ಗೊತ್ತಾಗಬಾರದು. ಸಂಘದ ಸಭೆಯಲ್ಲಿ ಒಪ್ಪಿಗೆ ಪಡೆದು, ಫೈಲನ್ನು ಪೆನ್‌ಡ್ರೈವಿನಲ್ಲಿ ಇಟ್ಟು ಅವರ ಕೈಗೇ ಕೊಡಿ.

ಇನ್ನು ನಿಮ್ಮ ಪಠ್ಯ. ಇತಿಹಾಸ, ತಲೆಮಾರು, ಸಾಧನಗಳ ಪಟ್ಟಿ ಪರೀಕ್ಷೆ ಬರೆಯುವವರಿಗೆ ಇರುವಂಥದ್ದು. ಆ ಇತಿಹಾಸದಲ್ಲಿ ಬರುವ ಚಾರ್ಲ್ಸ್ ಬ್ಯಾಬೇಜ್ 1871ರಲ್ಲೇ ತೀರಿಕೊಂಡರು, ಇನ್ನೊಂದು ತಿಂಗಳು ತಡವಾದರೆ ಅವರೇನೂ ಬೇಸರ ಮಾಡಿಕೊಳ್ಳುವುದಿಲ್ಲ. ಮನೆಯಲ್ಲಿ ಒಲೆ ಮೇಲೆ ಸಾರು ಬಿಟ್ಟು ಬಂದವರಿಗೆ ಮೊದಲ ದಿನವೇ ಏನಾದರೂ ಕೈಗೆ ಬರಬೇಕು. ಸಭೆಯ ನೋಟೀಸು, ನಡಾವಳಿ, ಉಳಿತಾಯದ ಪಟ್ಟಿ, ಪಂಚಾಯಿತಿಗೆ ಒಂದು ಅರ್ಜಿ. ಈ ನಾಲ್ಕು ಕಾಗದ ಅವರೇ ಮಾಡಿ ಪ್ರಿಂಟ್ ತೆಗೆದುಕೊಂಡರೆ ಕ್ಲಾಸ್ ಮುಗಿಯಿತು ಅನ್ನಿ.

ಆದರೆ ಕಾಗದಕ್ಕೂ ಮುಂಚೆ ಮೌಸ್. ಇದಕ್ಕೆ ಯಾರೂ ಸಮಯ ಕೊಡುವುದಿಲ್ಲ, ನೀವು ಕೊಡಿ. ಈ ಹೆಂಗಸರು ಫೋನಿನಲ್ಲಿ ವಾಟ್ಸ್ಆ್ಯಪ್ ನೋಡುತ್ತಾರೆ, ಫೋಟೊ ಕಳಿಸುತ್ತಾರೆ. ಅಲ್ಲಿ ಬೇಕಾದ್ದನ್ನೇ ಬೆರಳಿನಿಂದ ಮುಟ್ಟಿದರೆ ಆಯಿತು. ಇಲ್ಲಿ ಕೈ ಮೇಜಿನ ಮೇಲೆ, ಕಣ್ಣು ಸ್ಕ್ರೀನಿನ ಮೇಲೆ. ಕನ್ನಡಿ ನೋಡಿಕೊಂಡು ಬೈತಲೆ ತೆಗೆಯುವ ಹಾಗೆ ಇದು ರೂಢಿಯಿಂದ ಬರುವ ಕೆಲಸ. ಕೂತವರ ಮೊಣಕೈಗೆ ಆಸರೆ ಇದೆಯೇ ನೋಡಿ. ಅಂಗೈ ಬುಡ ಮೇಜಿಗೆ ತಾಗಿರಲಿ, ಹೆಬ್ಬೆರಳು ಕಿರುಬೆರಳು ಮೌಸನ್ನು ಹಿಡಿದಿರಲಿ, ತೋರುಬೆರಳು ಮಾತ್ರ ಒತ್ತಲಿ. ಹೊಸಬರು ಇಡೀ ಕೈಯಿಂದ ಒತ್ತುತ್ತಾರೆ, ಮೌಸ್ ಅಲುಗುತ್ತದೆ. ಮೌಸನ್ನು ಓರೆಯಾಗಿ ಹಿಡಿದರೆ ಬಾಣವೂ ಓರೆಯಾಗಿ ಓಡುತ್ತದೆ. ಮೌಸ್ ಮೇಜಿನ ಅಂಚಿಗೆ ಬಂದರೆ ಎತ್ತಿ ಈಚೆಗೆ ಇಟ್ಟುಕೊಳ್ಳಬಹುದು ಎಂಬುದನ್ನೂ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಪಾಪ, ಕೈ ಚಾಚಿಕೊಂಡು ಅಲ್ಲೇ ಕೂತಿರುತ್ತಾರೆ.

ದೊಡ್ಡಮ್ಮನ ಫೈಲ್ ಯಾಕೆ ಜರುಗಿತು ಗೊತ್ತೆ? ಡಬಲ್ ಕ್ಲಿಕ್ ಎಂದರೆ ಎರಡು ಒತ್ತುಗಳು ಅರ್ಧ ಸೆಕೆಂಡಿನ ಒಳಗೆ ಬೀಳಬೇಕು. ವಿಂಡೋಸ್ ತಾನಾಗಿ ಇಟ್ಟುಕೊಂಡಿರುವ ಲೆಕ್ಕ ಅದು. ಒತ್ತಿ ಹಿಡಿದಾಗ ಕೈ ಚೂರು ಸರಿದರೂ ಕಂಪ್ಯೂಟರ್ ಅದನ್ನು ‘ಎಳೆಯುತ್ತಿದ್ದಾರೆ’ ಎಂದುಕೊಂಡು ಫೈಲನ್ನು ಹೊತ್ತುಕೊಂಡು ಹೋಗುತ್ತದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮೌಸ್ ಎಂಬಲ್ಲಿಗೆ ಹೋದರೆ ಡಬಲ್ ಕ್ಲಿಕ್ ವೇಗ ಇಳಿಸುವ ಪಟ್ಟಿ ಇದೆ, ಪಕ್ಕದಲ್ಲೇ ಪರೀಕ್ಷಿಸಲು ಒಂದು ಹಳದಿ ಫೋಲ್ಡರ್. ಸರಿಯಾಗಿ ಒತ್ತಿದರೆ ಅದು ಬಾಯಿ ತೆರೆಯುತ್ತದೆ, ಮತ್ತೆ ಒತ್ತಿದರೆ ಮುಚ್ಚುತ್ತದೆ. ಪ್ರತಿಯೊಬ್ಬರನ್ನೂ ಅದರ ಮುಂದೆ ಕೂರಿಸಿ. ಆಗಲೂ ಆಗದವರು ಒಂದು ಸಲ ಕ್ಲಿಕ್ ಮಾಡಿ ಎಂಟರ್ ಒತ್ತಲಿ, ಫೈಲ್ ತೆರೆಯುತ್ತದೆ. ಇದರಿಂದ ಏನೂ ನಷ್ಟವಿಲ್ಲ. ಬಾಣದ ಗಾತ್ರವನ್ನೂ ದೊಡ್ಡದು ಮಾಡಿ. ನಲವತ್ತು ದಾಟಿದವರಿಗೆ ಚಾಳೀಸು ಬಂದಿರುತ್ತದೆ, ಕನ್ನಡಕ ತರಲು ಹೇಳಿ. ಎರಡು ಪವರ್ ಇರುವ ಕನ್ನಡಕದವರು ಕೆಳಭಾಗದಿಂದ ನೋಡಲು ಕತ್ತು ಹಿಂದಕ್ಕೆ ಎತ್ತುತ್ತಾರೆ. ಮಾನಿಟರನ್ನು ಸ್ವಲ್ಪ ತಗ್ಗಿಸಿದರೆ ಕತ್ತು ನೋಯುವುದಿಲ್ಲ.

ಎಳೆದು ಬಿಡುವ ಅಭ್ಯಾಸಕ್ಕೆ 1990ರಲ್ಲಿ ವಿಂಡೋಸ್ 3.0 ಜೊತೆ ಸಾಲಿಟೇರ್ ಎಂಬ ಎಲೆಯಾಟ ಬಂತು. ಮೌಸ್ ಜನಕ್ಕೆ ಹೊಸದಾಗಿದ್ದ ಕಾಲ. ಆಡುತ್ತ ಆಡುತ್ತ ಕೈ ಪಳಗಲಿ ಎಂಬ ಉದ್ದೇಶವೂ ಅದರ ಹಿಂದೆ ಇತ್ತು. ಉಪಾಯ ಒಳ್ಳೆಯದೇ. ಆದರೆ ಪಂಚಾಯಿತಿ ಲೈಬ್ರರಿಯಲ್ಲಿ ಸಂಘದ ಹೆಂಗಸರು ಇಸ್ಪೀಟ್ ಆಡುತ್ತಾರೆ ಎಂದು ಊರು ಮಾತಾಡಿಕೊಂಡರೆ ನಿಮಗೂ ಕಷ್ಟ, ನನಗೂ ಕೆಟ್ಟ ಹೆಸರು. ಪೇಂಟ್ ತೆರೆದು ರಂಗೋಲಿ ಹಾಕಿಸಿ. ಒಂದೊಂದು ಕ್ಲಿಕ್ಕಿಗೆ ಒಂದೊಂದು ಚುಕ್ಕಿ, ಒತ್ತಿ ಎಳೆದರೆ ಗೆರೆ. ಬಣ್ಣದ ಬಕೆಟ್ ಒತ್ತಿ ಎಸಳಿನೊಳಗೆ ಬಿಟ್ಟರೆ ಬಣ್ಣ ತುಂಬುತ್ತದೆ. ಗೆರೆ ಎಲ್ಲಾದರೂ ಕೂದಲೆಳೆಯಷ್ಟು ಕೂಡದೆ ಇದ್ದರೆ ಬಣ್ಣ ಸೋರಿ ಇಡೀ ಹಾಳೆ ಕೆಂಪಾಗುತ್ತದೆ. ಆಗ ಎಲ್ಲರೂ ‘ಅಯ್ಯೋ’ ಅನ್ನುತ್ತಾರೆ. ಆ ಹೊತ್ತಿಗೇ ಕಂಟ್ರೋಲ್ ಝಡ್ ಹೇಳಿಕೊಡಿ. ಒಂದು ಒತ್ತು, ಬಣ್ಣ ವಾಪಸ್.

‘ಮುಟ್ಟಿದರೆ ಹಾಳಾಗುತ್ತೆ, ರಿಪೇರಿ ದುಡ್ಡು ನಾನು ಕಟ್ಟಬೇಕಾಗುತ್ತೆ’ ಎಂಬ ಅಂಜಿಕೆ ಬಹಳ ಜನರ ಮನಸ್ಸಿನಲ್ಲಿ ಇರುತ್ತದೆ, ಬಾಯಿಬಿಟ್ಟು ಹೇಳುವುದಿಲ್ಲ. ಕೈ ನಡುಗುವುದು ಅದಕ್ಕೇ. ವರ್ಡ್‌ನಲ್ಲಿ ಹತ್ತು ಸಾಲು ಬರೆದ ಮೇಲೆ ಅವರಿಂದಲೇ ಅಳಿಸಿ: ಕಂಟ್ರೋಲ್ ಎ, ಡಿಲೀಟ್. ಹಾಳೆ ಖಾಲಿ. ಒಂದು ಕ್ಷಣ ಬಿಟ್ಟು ಕಂಟ್ರೋಲ್ ಝಡ್. ಬೇಕಂತಲೇ ಹಾಳು ಮಾಡಿ ತಾವೇ ಸರಿ ಮಾಡಿಕೊಂಡವರಿಗೆ ಆ ಅಂಜಿಕೆ ಬೇಗ ಬಿಡುತ್ತದೆ.

ಕನ್ನಡ ಟೈಪಿಂಗ್‌ಗೆ ನುಡಿ ತಂತ್ರಾಂಶವನ್ನೇ ಹಾಕಿಕೊಳ್ಳಿ. ಪಂಚಾಯಿತಿ, ತಾಲ್ಲೂಕು ಕಚೇರಿಗಳಲ್ಲಿ ರೂಢಿಯಾಗಿರುವುದು ಅದೇ. ಅದರ ಕೀಲಿಮಣೆಯ ಮೂಲ ವಿನ್ಯಾಸ ಕೆ.ಪಿ. ರಾವ್ ಅವರದ್ದು. ಇಂಗ್ಲಿಷ್ ಕೀಗಳ ಮೇಲೇ ಕನ್ನಡ ಕೂರುತ್ತದೆ, ಒತ್ತಕ್ಷರ ಬೇಕಾದಾಗ ನಡುವೆ ಎಫ್. ‘ಅಮ್ಮ’ ಎಂದರೆ ಎ, ಎಂ, ಎಫ್, ಎಂ. ‘ಕನ್ನಡ’ ಎಂದರೆ ಕೆ, ಎನ್, ಎಫ್, ಎನ್, ಡಬ್ಲ್ಯೂ. ಟ ಕ್ಯೂನಲ್ಲಿದೆ, ಡ ಡಬ್ಲ್ಯೂನಲ್ಲಿದೆ, ಇವೆರಡು ಮಾತ್ರ ಎಲ್ಲರನ್ನೂ ಸ್ವಲ್ಪ ದಿನ ಕಾಡುತ್ತವೆ. ಮೊದಲು ತಮ್ಮ ಹೆಸರು, ಆಮೇಲೆ ಮನೆಯವರ ಹೆಸರು, ಊರ ಹೆಸರು. ಇಂಗ್ಲಿಷ್ ಓದಲು ಬಾರದವರು ಆ ಅಕ್ಷರವನ್ನು ಗುರುತಾಗಿ ನೆನಪಿಟ್ಟುಕೊಳ್ಳುತ್ತಾರೆ, ಏನೂ ತೊಂದರೆಯಿಲ್ಲ. ಮೆನುಗಳನ್ನೂ ಹಾಗೆಯೇ ಕಲಿಯಲಿ. ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶದಲ್ಲಿ ಮೆನು ಕನ್ನಡದಲ್ಲೂ ಸಿಗುತ್ತದೆ, ಬೇಕಾದರೆ ಹಾಕಿಕೊಳ್ಳಬಹುದು. ಆದರೆ ನಾಳೆ ಬೇರೆ ಯಾವುದೇ ಕಚೇರಿಯ ಕಂಪ್ಯೂಟರಿನಲ್ಲಿ ಕೂತರೂ ಅಲ್ಲಿ ಇರುವುದು ಫೈಲ್, ಸೇವ್, ಪ್ರಿಂಟ್. ಆ ಹತ್ತು ಹನ್ನೆರಡು ಪದ ನೋಡಿ ನೋಡಿ ಗುರುತು ಹಿಡಿಯುವುದೇ ವಾಸಿ ಎಂಬುದು ನನ್ನ ಅನಿಸಿಕೆ.

ನುಡಿಯಲ್ಲಿ ಮೊದಲ ದಿನದಿಂದಲೇ ಯೂನಿಕೋಡ್ ಆರಿಸಿಕೊಳ್ಳಿ. ಹಳೆಯ ಫಾಂಟಿನಲ್ಲಿ ಬರೆದ ಪತ್ರ ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಹೋದರೆ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿಕೊಂಡು ಕಾಣುತ್ತವೆ. ‘ಕನ್ನಡ’ ಎಂಬ ಪದದ ನಡುವೆಯೇ ಬ್ರಿಟನ್ನಿನ ಪೌಂಡ್ ಗುರುತು ಬಂದು ಕೂರುತ್ತದೆ. ನುಡಿಯಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಹೋಗಿ ಬರಲು ಸ್ಕ್ರಾಲ್ ಲಾಕ್ ಒತ್ತುತ್ತೀರಲ್ಲ, ಅದರಲ್ಲೂ ಒಂದು ಗುಟ್ಟಿದೆ. ಆ ಕೀಯ ದೀಪ ಉರಿಯುತ್ತಿರುವಾಗ ಎಕ್ಸೆಲ್‌ನಲ್ಲಿ ಬಾಣದ ಕೀ ಒತ್ತಿದರೆ ಒಂದು ಸೆಲ್‌ನಿಂದ ಇನ್ನೊಂದಕ್ಕೆ ಹೋಗುವ ಬದಲು ಇಡೀ ಹಾಳೆ ಜಾರುತ್ತದೆ. ಹೊಸಬರು ಏನೋ ಕೆಟ್ಟಿತು ಎಂದುಕೊಳ್ಳುತ್ತಾರೆ. ಮೊದಲೇ ಹೇಳಿಟ್ಟಿರಿ.

ಎಕ್ಸೆಲ್ ಪಾಠವನ್ನು ದೊಡ್ಡಮ್ಮನ ಪುಸ್ತಕದಿಂದಲೇ ಶುರು ಮಾಡಿ. ಎಡಗಡೆ ಹತ್ತು ಹೆಸರು, ಪಕ್ಕದಲ್ಲಿ ವಾರದ ಉಳಿತಾಯ ತಲಾ 100. ಕೆಳಗೆ ಆಟೋಸಮ್ ಒತ್ತಿದರೆ 1,000 ಬರಬೇಕು. ಯಾರಾದರೂ ಒಬ್ಬರಿಂದ ಅಂಕಿಯ ಮುಂದೆ ‘ರೂ’ ಎಂದು ಸೇರಿಸಿ ಬರೆಸಿ. ಮೊತ್ತ 900 ಆಗುತ್ತದೆ. ಅಕ್ಷರ ಸೇರಿದ ಕೂಡಲೇ ಎಕ್ಸೆಲ್ ಅದನ್ನು ಬರಹ ಎಂದು ಎಣಿಸಿ ಕೂಡುವುದನ್ನು ಬಿಟ್ಟುಬಿಡುತ್ತದೆ. ನೋಡಿದರೆ ಅಂಕಿಗಳೆಲ್ಲ ಬಲಗಡೆ ಒತ್ತಿಕೊಂಡಿವೆ, ಅದೊಂದು ಮಾತ್ರ ಎಡಗಡೆ ನಿಂತಿದೆ. ‘ನೂರು ರೂಪಾಯಿ ಎಲ್ಲಿ ಹೋಯ್ತು?’ ಎಂದು ಮೊದಲು ಕೇಳುವವರು ದೊಡ್ಡಮ್ಮನೇ ಆಗಿರುತ್ತಾರೆ, ನೋಡುತ್ತಿರಿ. ಕಾಲಂ ಸಣ್ಣದಾದರೆ ಅಂಕಿಯ ಬದಲು ಹ್ಯಾಶ್ ಗುರುತುಗಳ ಸಾಲು ಬರುತ್ತದೆ, ಕಾಲಂ ಅಗಲ ಮಾಡಿದರೆ ಸರಿ. ಬಡ್ಡಿ ಲೆಕ್ಕದ ಸೂತ್ರವನ್ನು ಕೈ ಪಳಗಿದ ಮೇಲೆ ಹೇಳಿಕೊಡಿ. ಅದು ಬರುವವರೆಗೆ ಅವರ ಬಾಯಿಲೆಕ್ಕವೇ ಕಂಪ್ಯೂಟರಿಗಿಂತ ಬೇಗ.

ಕರೆಂಟ್ ಹೋದರೆ ವರ್ಡ್ ತಾನಾಗಿ ಉಳಿಸಿಕೊಳ್ಳುತ್ತದೆ ಎಂದು ನಂಬಿ ಕೂರಬೇಡಿ. ಬದಲಾಯಿಸದಿದ್ದರೆ ಅದು ಹತ್ತು ನಿಮಿಷಕ್ಕೊಮ್ಮೆ ಉಳಿಸಿಕೊಳ್ಳುವುದು, ಹೊಸಬರಿಗೆ ಹತ್ತು ನಿಮಿಷವೆಂದರೆ ಅರ್ಧ ಪತ್ರ. ಪ್ರತಿ ಸಾಲಿಗೂ ಕಂಟ್ರೋಲ್ ಎಸ್ ಒತ್ತಲಿ. ಸಂಘದ ಹೆಸರಿನಲ್ಲಿ ಒಂದೇ ಫೋಲ್ಡರ್ ಮಾಡಿ, ಎಲ್ಲ ಅಲ್ಲಿಗೇ. ‘ನಿನ್ನೆ ಬರೆದದ್ದು ಎಲ್ಲಿ ಹೋಯ್ತು’ ಎಂಬ ಹುಡುಕಾಟದಲ್ಲೇ ಎಷ್ಟೋ ಕ್ಲಾಸುಗಳು ಮುಗಿದುಹೋಗುತ್ತವೆ.

ಎಂಟು ಜನಕ್ಕೆ ಎರಡೇ ಕಂಪ್ಯೂಟರ್ ಎಂಬುದು ದೊಡ್ಡ ಕೊರತೆಯೇನಲ್ಲ. ದಿನಕ್ಕೆ ನಾಲ್ಕು ಜನ ಬರಲಿ, ಒಂದಕ್ಕೆ ಇಬ್ಬರು. ಒಬ್ಬರು ಪುಸ್ತಕ ನೋಡಿ ಹೇಳುವುದು, ಇನ್ನೊಬ್ಬರು ಟೈಪ್ ಮಾಡುವುದು, ಅರ್ಧ ಹೊತ್ತಿಗೆ ಅದಲು ಬದಲು. ಓರಗೆಯವರ ಎದುರು ತಪ್ಪಿದರೆ ನಗು ಬರುತ್ತದೆ, ನಾಚಿಕೆ ಅಷ್ಟಾಗಿ ಆಗುವುದಿಲ್ಲ. ಡೈರಿಗೆ ಹಾಲು ಹಾಕುವ ಹೊತ್ತಿಗೆ ಮುಂಚೆ ಬಿಟ್ಟುಬಿಡಿ. ಕ್ಲಾಸಿನ ಸಮಯದಲ್ಲಿ ಹುಡುಗರಿಗೆ ಪ್ರವೇಶವಿಲ್ಲ ಎಂದು ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಬೈದು ಓಡಿಸುವ ರಗಳೆ ಬೇಡ.

ಇನ್ನು ಹುಡುಗಿಯರ ಪ್ರಶ್ನೆ. ಅವರನ್ನು ಈ ಗುಂಪಿನ ಜೊತೆ ಕೂರಿಸಬೇಡಿ, ಬೇರೆ ಹೊತ್ತು ಕೊಡಿ. ಅವರ ಕೈ ಓಡುವುದನ್ನು ನೋಡಿಯೇ ಹಿರಿಯರು ಹಿಂಜರಿಯುತ್ತಾರೆ. ರಾಜ್ಯ ಸರ್ಕಾರಿ ನೌಕರರಿಗೆ 2012ರ ನಿಯಮಗಳ ಪ್ರಕಾರ ಗಣಕಯಂತ್ರ ಸಾಕ್ಷರತಾ ಪರೀಕ್ಷೆ ಇದೆ, ಆದರೆ ಅದನ್ನು ಪಾಸು ಮಾಡಿಕೊಳ್ಳುವುದು ಕೆಲಸಕ್ಕೆ ಸೇರಿದ ಮೇಲೆ, ಪ್ರೊಬೇಷನ್ ಅವಧಿಯಲ್ಲಿ. ಅದರ ಹೆಸರು ಹೇಳಿ ಈಗಲೇ ಸಾವಿರಾರು ರೂಪಾಯಿ ಫೀಸು ಕೇಳುವವರ ಬಾಗಿಲಿಗೆ ಹೋಗುವುದು ಬೇಡ. ಬೆರಳಚ್ಚುಗಾರರ ಹುದ್ದೆ, ಡೇಟಾ ಎಂಟ್ರಿ ಕೆಲಸಗಳಿಗೆ ಯಾವ ಪ್ರಮಾಣಪತ್ರ ಬೇಕೆಂದು ಆಯಾ ಅಧಿಸೂಚನೆಯಲ್ಲೇ ಇರುತ್ತದೆ. ಹಳೆಯ ಒಂದೆರಡು ಅಧಿಸೂಚನೆ ಇಳಿಸಿಕೊಂಡು ಅವರೊಂದಿಗೆ ಕೂತು ಓದಿ. ಅಲ್ಲಿಯವರೆಗೆ ಕನ್ನಡ ಟೈಪಿಂಗ್ ವೇಗ ಹೆಚ್ಚಿಸಿಕೊಳ್ಳಲಿ, ಸಂಘದ ನಡಾವಳಿ ಬರೆದುಕೊಡಲಿ. ಪುಟಕ್ಕೆ ಇಷ್ಟು ಎಂದು ಸಂಘದವರು ಕೊಟ್ಟರೆ ಬೇಡ ಅನ್ನಬೇಡಿ.