ಎಲೆಯ ರೋಗವೂ ಬೇರಿನ ಕಾವಲೂ

ಬ್ಯಾಕ್ಟೀರಿಯಾಗಳೆಂದ ಮಾತ್ರಕ್ಕೆ ರೋಗವೆಂದು ಹೆದರುವವರೇ ಬಹಳ ಮಂದಿ. ಈ ಭಯವು ಅರ್ಧ ಮಾತ್ರವೇ ಸರಿಯೆಂಬುದನ್ನು ನಮ್ಮ ಸೀಮೆಯ ಎರಡು ಬೆಳೆಗಳು ಕಲಿಸಿಕೊಡುತ್ತವೆ. ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲೆಯ ಬಯಲಿನಲ್ಲಿ ಭತ್ತವೂ, ನಾಗಮಂಗಲದ ಹೊಲಗಳಲ್ಲಿ ರಾಗಿಯೂ, ಕೃಷ್ಣರಾಜಪೇಟೆಯಲ್ಲಿ ಇವೆರಡೂ ಬೆಳೆಯುವುದನ್ನು ನಮ್ಮ ವಿದ್ಯಾರ್ಥಿನಿಯರು ಬಾಲ್ಯದಿಂದಲೂ ಬಲ್ಲರು.

ಒಂದು ಮಳೆಗಾಲದಲ್ಲಿ ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ತಮ್ಮ ಗದ್ದೆಯಿಂದ ಭತ್ತದ ಕೆಲವು ಎಲೆಗಳನ್ನು ತಂದಳು. ಅವುಗಳ ಅಂಚು ತುದಿಯಿಂದ ಕೆಳಕ್ಕೆ ಅಲೆಯಲೆಯಾಗಿ ಹಳದಿಗಟ್ಟಿ, ಒಣಹುಲ್ಲಿನ ಬಣ್ಣಕ್ಕೆ ತಿರುಗಿದ್ದಿತು. ಪೈರಿಗೆ ಸಾರ ಸಾಲದೆಂದೆಣಿಸಿ ಅವಳ ತಂದೆಯವರು ಎರಡು ಸಲ ಯೂರಿಯಾ ಹಾಕಿದ್ದರು. ಪೈರು ಮತ್ತಷ್ಟು ಒಣಗಿತ್ತು. ನಾವು ಹಸಿರೂ ಹಳದಿಯೂ ಕೂಡುವೆಡೆಯಲ್ಲಿ ಎಲೆಯನ್ನು ಕತ್ತರಿಸಿ, ಕತ್ತರಿಸಿದ ತುದಿಯನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಅದ್ದಿ ನಿಲ್ಲಿಸಿದೆವು. ಕೆಲವು ನಿಮಿಷಗಳಲ್ಲಿ ಹಾಲಿನಂಥ ಸಣ್ಣ ಎಳೆಯೊಂದು ನೀರಿಗೆ ಇಳಿಯತೊಡಗಿತು. ಒಳ್ಳೆಯ ಎಲೆಯನ್ನಿಟ್ಟ ಇನ್ನೊಂದು ಲೋಟದ ನೀರು ತಿಳಿಯಾಗಿಯೇ ಉಳಿಯಿತು. ಆ ಬಿಳಿಯ ಎಳೆಯೇ ಬ್ಯಾಕ್ಟೀರಿಯಾಗಳ ಹಿಂಡು.

ಇದಕ್ಕೆ ದುಂಡಾಣು ಅಂಗಮಾರಿ ರೋಗವೆಂದು ಹೆಸರು. 1884ರಲ್ಲಿ ಜಪಾನಿನ ಫುಕುವೋಕಾ ಪ್ರಾಂತದ ರೈತರು ಇದನ್ನು ಮೊದಲು ಕಂಡರು. ಕ್ಸಾಂತೊಮೊನಾಸ್ ಒರೈಜೆ ಎಂಬ ಈ ಬ್ಯಾಕ್ಟೀರಿಯಾವು ಎಲೆಯಂಚಿನ ಸೂಕ್ಷ್ಮ ರಂಧ್ರಗಳಿಂದಲೂ ಗಾಯಗಳಿಂದಲೂ ಒಳಹೊಕ್ಕು, ನೀರು ಹರಿಯುವ ನಾಳಗಳಲ್ಲಿ ವೃದ್ಧಿಯಾಗುತ್ತದೆ. ಗಾಳಿಮಳೆಯೂ ಗದ್ದೆಯಿಂದ ಗದ್ದೆಗೆ ಹರಿಯುವ ನೀರೂ ಅದನ್ನು ಹರಡುವುವು. ಸಾರಜನಕವು ಅತಿಯಾದರೆ ಪೈರು ಕೊಬ್ಬಿ ಮೆತ್ತಗಾಗಿ ರೋಗಕ್ಕೆ ಸುಲಭವಾಗಿ ತುತ್ತಾಗುವುದು. ಔಷಧವೆಂದು ಹಾಕಿದ ಯೂರಿಯಾವೇ ರೋಗಕ್ಕೆ ಸಹಾಯವಾದ ಬಗೆ ಇದು.

ಇನ್ನು ರಾಗಿಯ ಬೇರನ್ನು ನೋಡೋಣ. ಅಲ್ಲಿ ಬ್ಯಾಕ್ಟೀರಿಯಾವು ಶತ್ರುವಲ್ಲ, ಕಾವಲುಗಾರ. ಕೆನಡಾ ದೇಶದ ಗುವೆಲ್ಫ್ ವಿಶ್ವವಿದ್ಯಾನಿಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದಂತೆ, ರಾಗಿಯ ಬೇರಿನೊಳಗೆ ವಾಸಿಸುವ ಒಂದು ಬ್ಯಾಕ್ಟೀರಿಯಾವು, ಫ್ಯುಸೇರಿಯಂ ಎಂಬ ಶಿಲೀಂಧ್ರವು ಸಮೀಪಿಸಿದೊಡನೆ ಅದರ ಕಡೆಗೆ ಗುಂಪುಗೂಡಿ ಹೊರಡುತ್ತದೆ. ಬೇರಿನ ರೋಮಗಳೂ ಬೆಳೆದು ಬಾಗಿ ಪದರಪದರವಾಗಿ ಹೆಣೆದುಕೊಳ್ಳುತ್ತವೆ. ಈ ಬೇಲಿಯಲ್ಲಿ ಸಿಕ್ಕ ಶಿಲೀಂಧ್ರವು ನಾಶವಾಗುತ್ತದೆ.

ಸಮುದ್ರದ ಹವಳಕ್ಕೂ ಇದೇ ನ್ಯಾಯ. ಆರೋಗ್ಯವಾದ ಹವಳದ ಮೈಮೇಲಿನ ಲೋಳೆಯಲ್ಲಿ ನಾನಾ ಬಗೆಯ ಬ್ಯಾಕ್ಟೀರಿಯಾಗಳು ಕೂಡಿ ಬಾಳುವುವು. ಸಮುದ್ರವು ಮಿತಿಮೀರಿ ಕಾದಾಗ ಆ ಕೂಟವು ಮಾರ್ಪಟ್ಟು, ರೋಗಕಾರಕಗಳಿಗೆ ಅವಕಾಶವಾಗುವುದುಂಟು. ಆದುದರಿಂದ ಬ್ಯಾಕ್ಟೀರಿಯಾಗಳು ಇರುವುದೇ ರೋಗವಲ್ಲ. ಯಾವುವು ಇವೆ, ಅವುಗಳಿಗೆ ನಾವು ಎಂತಹ ಅನುಕೂಲವನ್ನು ಒದಗಿಸಿದ್ದೇವೆ ಎಂಬುದೇ ಮುಖ್ಯ.

ಹೈದರಾಬಾದಿನ ವಿಜ್ಞಾನಿಗಳು ಅಂಗಮಾರಿಯನ್ನು ತಡೆಯುವ ಮೂರು ಜೀನುಗಳನ್ನು ಕೂಡಿಸಿ ಸಿದ್ಧಪಡಿಸಿದ ಸುಧಾರಿತ ಸಾಂಬಾ ಮಸೂರಿ ತಳಿಯು 2008ರಲ್ಲಿ ಬಿಡುಗಡೆಯಾಯಿತು. ಆದರೆ ಒಳ್ಳೆಯ ತಳಿಯೊಡನೆ ಒಳ್ಳೆಯ ನಡವಳಿಕೆಯೂ ಬೇಕು. ನಾಟಿಯ ಕಾಲದಲ್ಲಿ ಪೈರಿನ ತುದಿಯನ್ನು ಕತ್ತರಿಸಬಾರದು. ಯೂರಿಯಾವನ್ನು ಒಮ್ಮೆಗೇ ಸುರಿಯದೆ ಕಂತುಗಳಲ್ಲಿ ಮಿತವಾಗಿ ಕೊಡಬೇಕು. ರೋಗ ಬಿದ್ದ ಗದ್ದೆಯ ನೀರನ್ನು ನೆರೆಯವರ ಗದ್ದೆಗೆ ಬಿಡಬಾರದು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಬೇಸಾಯದ ಮನೆಗಳ ಒಡತಿಯರು. ಭತ್ತದ ಎಲೆ ಹಳದಿಯಾದಾಗ, ಗೊಬ್ಬರದ ಚೀಲವನ್ನು ಬಿಚ್ಚುವುದಕ್ಕೆ ಮೊದಲು, ಒಂದು ಲೋಟ ತಿಳಿನೀರನ್ನು ತರುವುದನ್ನು ಅವರು ಮರೆಯಬಾರದೆಂಬುದೇ ನಮ್ಮ ಬಿನ್ನಹ.